ಕಬ್ಜ ನೋಡಿದ ರಾತ್ರಿ ಒಳ್ಳೆ ನಿದ್ದೆ ಬಂತು

ಮೈಸೂರು, ಜನವರಿ 2024

ಲೋ ಸಬ್‌ಟೈಟಲ್ ಸ್ವಾಮಿ,

ಹೊಸ ವರ್ಷಕ್ಕೆ ನೀನು ಕಳಿಸಿದ ಹಿಮದ ಫೋಟೋ ನೋಡಿದೆ. ಹಿಮ ತೋರಿಸೋಕೆ ಕಳಿಸಿದ್ದೋ, ಹಿಮದ ಕೆಳಗಿರೋ ಕಾರು ತೋರಿಸೋಕೋ ಅನ್ನೋ ಚರ್ಚೆ ಆಮೇಲೆ. ಅದರ ಕೆಳಗೆ ಒಂದು ಸಾಲು ಹಾಕಿದ್ದೀಯಲ್ಲ, "2023ರಲ್ಲಿ ಯಾವುದು ನೋಡಬೇಕಿತ್ತು, ಯಾವುದು ಬಿಟ್ಟರೂ ನಡೆಯುತ್ತೆ, ಲಿಸ್ಟ್ ಹಾಕು" ಅಂತ. ಫೋನಲ್ಲಿ ಕಳಿಸಿದರೆ ನೀಲಿ ಟಿಕ್ ಬೀಳಿಸಿ ಮಲಗ್ತೀಯ. ಅದಕ್ಕೇ ಹತ್ತು ಜನರ ಎದುರು ಬರೀತಿದ್ದೀನಿ. ಉತ್ತರ ಕೊಡದಿದ್ದರೆ ನಿನ್ನ ಮರ್ಯಾದೆ ಹೋಗುತ್ತೆ, ಕೊಟ್ಟರೆ ಬಹುಶಃ ನನ್ನದು.

(ಮಿಕ್ಕವರಿಗೆ: ಇವನು ಸರಸ್ವತಿಪುರಂ ರೂಮಿನ ಕಾಲದಿಂದ ನನ್ನ ಜೊತೆ ಸಿನಿಮಾ ನೋಡಿದವನು, ಈಗ ಜರ್ಮನಿಯಲ್ಲಿ ನೆಲೆಸಿದ್ದಾನೆ. )

ಮೊದಲು ಒಂದು ಮಾತು ಒಪ್ಕೋ. 2023 ಪಾಪದ ವರ್ಷ. ಅದರ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಕೆಜಿಎಫ್ 2, ಜೂನ್‌ನಲ್ಲಿ ಚಾರ್ಲಿ, ಸೆಪ್ಟೆಂಬರ್ ಕೊನೆಗೆ ಕಾಂತಾರ. ನಿನ್ನ ಆಫೀಸಿನ ಪಂಜಾಬಿ ಹುಡುಗ ಕ್ಯಾಂಟೀನಲ್ಲಿ ನಿನ್ನನ್ನ ನೋಡಿ ಪಂಜುರ್ಲಿ ಥರ ಕೂಗಿದ ಅಂತ ನೀನೇ ಹೇಳಿದ್ದೆ. ಅಷ್ಟೆಲ್ಲ ಆದಮೇಲೆ ಬಂದ ವರ್ಷದ ಹೆಗಲ ಮೇಲೆ ಎಷ್ಟು ಭಾರ ಇರುತ್ತೆ ಯೋಚಿಸು. ಪ್ರತಿಯೊಬ್ಬ ನಿರ್ಮಾಪಕರೂ "ಪ್ಯಾನ್ ಇಂಡಿಯಾ" ಅಂತ ಪೋಸ್ಟರ್ ಮೇಲೆ ಹಾಕೋರೇ. ನಮ್ಮ ಏರಿಯಾದ ಕಟೌಟ್ ಕಟ್ಟೋ ಹುಡುಗರೂ ಹಿಂದಿ ಕಲೆಕ್ಷನ್ ಎಷ್ಟು ಅಂತ ಲೆಕ್ಕ ಹೇಳೋರು. ಸಿನಿಮಾ ಹೇಗಿದೆ ಅಂತ ಕೇಳಿದರೆ ಮಾತ್ರ, "ನೋಡಬೇಕಣ್ಣ ಇನ್ನೂ" ಅನ್ನೋರು.

ಆ ಭಾರ ಹೊತ್ತು ಮೊದಲು ಬಂದಿದ್ದು ಕಬ್ಜ. ಮಾರ್ಚ್ 17, ಅಪ್ಪು ಹುಟ್ಟುಹಬ್ಬದ ದಿನ. ಉಪೇಂದ್ರ, ಸುದೀಪ್, ಸಾಲದ್ದಕ್ಕೆ ಶಿವಣ್ಣ. ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು ಹೇಳು? ಪರದೆ ಮೇಲೆ ಎಲ್ಲೆಲ್ಲೂ ಇದ್ದಿಲ ಬಣ್ಣ. ಸೂರ್ಯ ಹುಟ್ಟೋದನ್ನೇ ನಿಷೇಧ ಮಾಡಿದ ಊರು. ಕತೆ ಸ್ವಾತಂತ್ರ್ಯ ಹೋರಾಟಗಾರನ ಮನೆಯಲ್ಲಿ ಶುರುವಾಗುತ್ತೆ, ಏರ್‌ಫೋರ್ಸ್‌ಗೆ ಹೋಗುತ್ತೆ, ಭೂಗತಲೋಕಕ್ಕೆ ಇಳಿಯುತ್ತೆ, ಆದರೆ ಎಲ್ಲಿ ಹೋದರೂ ಹಿನ್ನೆಲೆ ಸಂಗೀತ ಒಂದೇ ಸಮ ಬಡೀತಿರುತ್ತೆ. ಶಿವಣ್ಣ ಕೊನೆಗೆ ಬಂದು ಮುಂದಿನ ಭಾಗಕ್ಕೆ ಕರೀತಾರೆ. ನನ್ನ ಪಕ್ಕದವನು ಅಷ್ಟು ಹೊತ್ತಿಗೆ ಬೈಕ್ ಕೀ ಕೈಯಲ್ಲಿ ಹಿಡಿದು ನಿಂತಿದ್ದ. ಉಪ್ಪಿ ಅಭಿಮಾನಿ ನಾನು, ನಿನಗೆ ಗೊತ್ತು. ಆ ಮನುಷ್ಯನ ಕೈಲಿ ಒಂದು ಖಾಲಿ ಗೋಡೆ ಕೊಟ್ಟರೂ ಏನೋ ಗೀಚಿ ತಲೆ ಕೆಡಿಸ್ತಾರೆ. ಅವರನ್ನ ಬರೀ ನಡೆಸಿ, ನಿಲ್ಲಿಸಿ, ಹೊಗೆ ಬಿಟ್ಟರೆ ಹೇಗೆ?

ಇಷ್ಟೆಲ್ಲ ಬೈದರೂ ಅವತ್ತು ರಾತ್ರಿ ಮನೆಗೆ ಬಂದು ಮೊಸರನ್ನ ತಿಂದು ಮಲಗಿದೆ, ಎಷ್ಟು ಒಳ್ಳೆ ನಿದ್ದೆ ಬಂತು ಅಂತೀಯ. ಇದನ್ನ ನೆನಪಿಟ್ಕೋ, ಮುಂದೆ ಬೇಕಾಗುತ್ತೆ.

ಈಗ ಸಂತೋಷದ ಸುದ್ದಿ. ಪಿಂಕಿ ಎಲ್ಲಿ? ನೋಡು. ಪೃಥ್ವಿ ಕೊಣನೂರು ಅವರದ್ದು. ಫೆಸ್ಟಿವಲ್‌ಗಳಲ್ಲಿ 2020ರಿಂದಲೂ ಓಡಾಡ್ತಿತ್ತು, ಥಿಯೇಟರಿಗೆ ಬರೋ ಹೊತ್ತಿಗೆ 2023ರ ಜೂನ್. ಕೆಲಸಕ್ಕೆ ಹೋಗೋ ತಾಯಿ, ಮಗು ನೋಡಿಕೊಳ್ಳೋ ಕೆಲಸದವಳು, ಆ ಕೆಲಸದವಳು ಮಗುವನ್ನ ಭಿಕ್ಷೆಗೆ ಬಾಡಿಗೆ ಕೊಡೋದು, ಒಂದು ದಿನ ಮಗು ವಾಪಸ್ ಬರದೇ ಇರೋದು. ಇಷ್ಟೇ. ಯಾರನ್ನೂ ರಾಕ್ಷಸರನ್ನಾಗಿ ಮಾಡಲ್ಲ, ಯಾರಿಗೂ ಕ್ಷಮೆಯನ್ನೂ ಕೊಡಲ್ಲ. ನಾನು ಹೋದ ಶೋಗೆ ಕೌಂಟರಿನವನು "ಇನ್ನೊಂದು ನಾಲ್ಕು ಜನ ಬರಲಿ ಸರ್, ಬಂದರೆ ಹಾಕ್ತೀವಿ" ಅಂದ. ಮಳೆಗೆ ಅಂತ ಒಳಗೆ ನಿಂತಿದ್ದ ಇಬ್ಬರು ಹೆಂಗಸರು ಟಿಕೆಟ್ ರೇಟ್ ಕೇಳಿ, ಮುಖ ಮುಖ ನೋಡ್ಕೊಂಡು, ಬಂದರು. ಒಬ್ಬಾಕೆ ಇಂಟರ್‌ವಲ್‌ಗೆ ಮುಂಚೆಯೇ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಮಳೆ ನಿಂತಿದ್ದು ಗೊತ್ತಾದರೂ ಎದ್ದು ಹೋಗಲಿಲ್ಲ. ವಾಪಸ್ ಬರುವಾಗ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಒಬ್ಬಳು ಮಗು ಎತ್ಕೊಂಡು ಗಾಡಿ ಗಾಡಿಗೂ ಬರ್ತಿದ್ದಳು. ಮಗುವಿನ ಕತ್ತು ಅವಳ ಮೊಣಕೈ ಮೇಲೆ ಪೂರ್ತಿ ವಾಲಿತ್ತು, ಅಷ್ಟು ಹಾರನ್ನಿಗೂ ಕಣ್ಣು ಬಿಡಲಿಲ್ಲ. ನಾನು ಸಿಗ್ನಲ್ ನಂಬರ್ ಎಣಿಸ್ತಾ ಕೂತೆ.

ಆಚಾರ್ & ಕೋ ನಿಮ್ಮಮ್ಮನಿಗೆ ಹಾಕಿಕೊಡು. ಸಿಂಧು ಶ್ರೀನಿವಾಸಮೂರ್ತಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದಾರೆ. ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಾಣ. ಅರವತ್ತರ ದಶಕದ ಬೆಂಗಳೂರು, ಮನೆ ತುಂಬ ಮಕ್ಕಳು. ಹುಡುಗಿಯರಿಗೆ ಮದುವೆ ಬಿಟ್ಟು ಬೇರೆ ಸಿಲಬಸ್ಸೇ ಇಲ್ಲದ ಮನೆ. ನಗಿಸ್ತಾನೇ ಚಿವುಟುತ್ತೆ. ಅದು ಬಂದ ಜುಲೈ 28ಕ್ಕೇ ಕೌಸಲ್ಯಾ ಸುಪ್ರಜಾ ರಾಮನೂ ಬಂತು. ಗಂಡಸುತನ ಅಂದ್ರೇನು ಅಂತ ಒಂದು ಸಿನಿಮಾ ಪಾಠ ಹೇಳ್ತಿದ್ದಾಗ ಪಕ್ಕದ ಸ್ಕ್ರೀನ್‌ನಲ್ಲಿ ಹೆಂಗಸರು ಪಾಠ ಹೇಳದೇ ಬದುಕಿ ತೋರಿಸ್ತಿದ್ದರು. ನನಗೆ ಎರಡನೆಯದು ಹಿಡಿಸ್ತು. ನಮ್ಮೂರಿನ ಜನಕ್ಕೆ ಮೊದಲನೆಯದು.

ರಾಜ್ ಬಿ. ಶೆಟ್ಟಿ ವಿಷಯಕ್ಕೆ ನಿನ್ನ ಜೊತೆ ಜಗಳ ಆಡೋಕೆ ಶಕ್ತಿ ಇಲ್ಲ. ಅವರ ಗರುಡ ಗಮನ ವೃಷಭ ವಾಹನ ಸಿನಿಮಾದ ಹುಲಿವೇಷದ ಕುಣಿತ ಇವತ್ತಿಗೂ ನಿನ್ನ ಸ್ಟೇಟಸ್‌ನಲ್ಲಿ ತಿಂಗಳಿಗೊಮ್ಮೆ ಬರುತ್ತೆ. ಆದರೂ ಟೋಬಿ ನನಗೆ ಭಾರವಾಯ್ತು ಕಣೋ. ಮಾತಿಲ್ಲದ ಮನುಷ್ಯನ ಕತೆಯಲ್ಲಿ ಅವನನ್ನು ಬಿಟ್ಟು ಮಿಕ್ಕವರೆಲ್ಲ ಅವನ ಬಗ್ಗೆ ಮಾತಾಡ್ತಾನೇ ಇರ್ತಾರೆ. ಮೂಗುತಿ, ಕುರಿ, ರಕ್ತ, ಎಲ್ಲಾ ಇದೆ. ನಾನು ಮಾತ್ರ ಹೊರಗೇ ನಿಂತೆ. ಅದೇ ಮನುಷ್ಯ ನವೆಂಬರ್‌ನಲ್ಲಿ ಸ್ವಾತಿ ಮುತ್ತಿನ ಮಳೆ ಹನಿಯೇ ಅಂತ ಸಾವು ಕಾಯುವವರ ಆಶ್ರಮದಲ್ಲಿ ಕ್ಯಾಮೆರಾ ಇಟ್ಟು ಪಿಸುಮಾತಲ್ಲಿ ಸಿನಿಮಾ ಮಾಡಿದರು. ಸಿರಿ ರವಿಕುಮಾರ್ ಸುಮ್ಮನೆ ಕೂತು ಕೇಳಿಸಿಕೊಳ್ಳೋ ರೀತಿ ಇದೆಯಲ್ಲ, ಅಷ್ಟಕ್ಕೇ ಟಿಕೆಟ್ ದುಡ್ಡು ಬಂತು. ಸ್ವಲ್ಪ ಜಾಸ್ತಿ ಕಾವ್ಯ, ಒಪ್ತೀನಿ. ನಿನಗಾದರೆ ನಿದ್ದೆ ಬರಬಹುದು, ಅಂಬಾರಿ ಬಸ್ಸಲ್ಲೂ ಗೊರಕೆ ಹೊಡೆದವನು ನೀನು.

ಸಪ್ತ ಸಾಗರದಾಚೆ ಎಲ್ಲೋ ಬಗ್ಗೆ ಎಲ್ಲರೂ ಬರೆದಾಯ್ತು. ಸೈಡ್ ಎ ಬಂದಿದ್ದು ಸೆಪ್ಟೆಂಬರ್ 1ಕ್ಕೆ. ನಾಯಕ ಮನು ಯಾವನೋ ಯಜಮಾನನ ಮನೆಯವರು ಮಾಡಿದ ಅಪಘಾತ ತನ್ನ ತಲೆ ಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ. ಸಮುದ್ರದ ಪಕ್ಕ ಒಂದು ಮನೆ ಸಿಗುತ್ತೆ ಅಂತ. ಜೈಲಿನ ಭೇಟಿ ಸೀನ್‌ಗಳಲ್ಲಿ ಅವನ ಹುಡುಗಿಯಾಗಿ ಬರೋ ರುಕ್ಮಿಣಿ ವಸಂತ್ ಮುಖ ನೋಡು. ಸಿಟ್ಟು ಬರಬೇಕಾದ ಕಡೆ ಬರೀ ದಣಿವು ಬರುತ್ತೆ. ಚರಣ್ ರಾಜ್ ಸಂಗೀತ ಕೇಳ್ತಾ ಹಾಲಲ್ಲಿ ಎಲ್ಲರೂ ಮೂಗು ಒರೆಸಿಕೊಳ್ಳೋರೇ. ನಾನೂ. ಆದರೆ ನವೆಂಬರ್ 17ಕ್ಕೆ ಬಂದ ಸೈಡ್ ಬಿ ನನಗೆ ಆಗಲಿಲ್ಲ. ಜೈಲಿಂದ ಬಂದವನು ಅವಳ ಬೆನ್ನ ಹಿಂದೆ ಬಿದ್ದು, ಅವಳಿಗೇ ಗೊತ್ತಿಲ್ಲದ ಹಾಗೆ ಅವಳ ಸಂಸಾರ ರಿಪೇರಿ ಮಾಡ್ತಾನೆ. ಅದನ್ನ ತ್ಯಾಗ ಅಂತ ಸಿನಿಮಾ ಕರೆಯುತ್ತೆ. ನನಗೆ ಚೈತ್ರಾ ಆಚಾರ್ ಮಾಡಿದ ಸುರಭಿಯ ಜೊತೆ ಎದ್ದು ಹೋಗಿಬಿಡೋಣ ಅನ್ನಿಸ್ತು. ಅವಳೊಬ್ಬಳೇ ಆ ಸಿನಿಮಾದಲ್ಲಿ ಇವತ್ತಿನಲ್ಲಿ ಬದುಕ್ತಿರೋಳು.

ಅದರ ಮರುವಾರವೇ ಮಲಯಾಳದ ಕಾದಲ್ ಬಂತು. 72 ವರ್ಷದ ಮಮ್ಮುಟ್ಟಿ ವಾರ್ಡ್ ಚುನಾವಣೆಗೆ ನಿಂತ ಸಲಿಂಗಿ ಗಂಡ, ವಿಚ್ಛೇದನಕ್ಕೆ ಹಾಕಿದ ಹೆಂಡತಿ ಜ್ಯೋತಿಕಾ. ಕೇಸು ನಡೀತಿದ್ದರೂ ಇಬ್ಬರೂ ಅದೇ ಮನೆಯಲ್ಲಿ ಇರ್ತಾರೆ. ಒಂದೂ ಕಿರುಚಾಟ ಇಲ್ಲ. ನಮ್ಮ ಯಾವ ಸ್ಟಾರ್ ಒಪ್ತಾರೆ ಅಂತ ಕೇಳಬೇಡ. ಕಮಿಟಿ ಮಾಡಿ ವರದಿ ತರಿಸಿಕೊಳ್ಳೋಣ.

ಇನ್ನು ಡೇರ್‌ಡೆವಿಲ್ ಮುಸ್ತಾಫಾ. ಇದನ್ನು ಬೇಕಂತಲೇ ಇಷ್ಟು ದೂರ ತಳ್ಳಿಕೊಂಡು ಬಂದೆ.

ಮೇ 19ಕ್ಕೆ ಬಂತು. ಶಶಾಂಕ್ ಸೋಗಾಲ್ ನಿರ್ದೇಶನ. ಪೂರ್ಣಚಂದ್ರ ತೇಜಸ್ವಿ ಕತೆಯನ್ನ ಅವರ ಓದುಗರೇ ಕೈಯಿಂದ ದುಡ್ಡು ಹಾಕಿ ಮಾಡಿದ್ದು, ಡಾಲಿ ಧನಂಜಯ ಕೈಜೋಡಿಸಿದ್ದು, ಇದೆಲ್ಲ ನೀನು ಓದಿರ್ತೀಯ. ನೀನು ಅದರ ಬಗ್ಗೆ ಒಂದೇ ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಂಟು ತಿಂಗಳಾಗ್ತಾ ಬಂತು. ಕಬ್ಜ ಬಗ್ಗೆ ಅರ್ಧ ಗಂಟೆ ವಾಯ್ಸ್ ನೋಟ್ ಕಳಿಸಿದವರು ನಾವು.

ಲಾಂಗ್ ಬುಕ್ ನನ್ನ ಹತ್ತಿರಾನೇ ಇದೆ ಕಣೋ. ತೇಜಸ್ವಿಯವರ ಅಬಚೂರಿನ ಪೋಸ್ಟಾಫೀಸು ಪುಸ್ತಕದಿಂದ ಆ ಕತೆ ತಗೊಂಡು, ನಾವೇ ಸಿನಿಮಾ ಮಾಡೋಣ ಅಂತ ಶಾಟ್ ಡಿವಿಷನ್ ಮಾಡಿದ್ದು. ಎಡಗಡೆ ಪುಟದಲ್ಲಿ ನಿನ್ನ ಕೋಳಿಕಾಲು ಚಿತ್ರಗಳು, ಬಲಗಡೆ ನನ್ನ ಸಂಭಾಷಣೆ. ರಾಮಾನುಜ ಅಯ್ಯಂಗಾರಿ ಪಾತ್ರಕ್ಕೆ ನೀನು, ಮುಸ್ತಾಫಾಗೆ ಮಂಡಿ ಮೊಹಲ್ಲಾದ ಟೈಲರ್ ಮಗ, ಕ್ಯಾಮೆರಾ ಮದುವೆ ವಿಡಿಯೋದವರದ್ದು, ಮಳೆಗೆ ಫೈರ್ ಇಂಜಿನ್ ನಿಮ್ಮ ಮಾವ ಕೊಡಿಸ್ತಾರೆ. ಹಕ್ಕು ಕೇಳಿ ತೇಜಸ್ವಿಯವರ ಪತ್ನಿ ರಾಜೇಶ್ವರಿ ತೇಜಸ್ವಿಯವರಿಗೆ ಪತ್ರ ಬರೆಯಬೇಕಿತ್ತು. "ಮಾನ್ಯರೇ" ಅಂತ ಬರೆದು, ಅದು "ಪೂಜ್ಯರೇ" ಆಗಬೇಕಾ ಅಂತ ರಾತ್ರಿಯೆಲ್ಲ ವಾದ ಮಾಡಿ, ಬೆಳಿಗ್ಗೆ ಶಾಂತಲಾ ಟಾಕೀಸಿಗೆ ಹೋಗಿಬಿಟ್ಟೆವು. ಈಗ ಶಾಂತಲಾನೂ ಇಲ್ಲ, ಕೋವಿಡ್ ವರ್ಷವೇ ಬಾಗಿಲು ಹಾಕಿತು.

ಸಿನಿಮಾ ಚೆನ್ನಾಗಿದೆ. ಮುಂಚೇನೇ ಹೇಳಿಬಿಡ್ತೀನಿ. ಕಾಮಿಕ್ ಪುಸ್ತಕದ ಥರ ಚಿತ್ರ ಬಿಡಿಸಿ ಕತೆ ಹೇಳ್ತಾರೆ. ಶಿಶಿರ್ ಬೈಕಾಡಿ ಮುಸ್ತಾಫಾ ಆಗಿ ಬಂದು ಆ ಕಾಲೇಜಿನಲ್ಲಿ ನಿಂತಾಗ ಇಡೀ ಕ್ಲಾಸು ಹೇಗೆ ನೋಡುತ್ತೋ ಹಾಲ್ ಕೂಡ ಹಾಗೇ ನೋಡ್ತು. ಕೊನೆಗೆ ಕ್ರಿಕೆಟ್ ಮ್ಯಾಚು. ಅಷ್ಟು ಹೊತ್ತಿಗೆ ಜನ ಎರಡೂ ಕಡೆಗೂ ಶಿಳ್ಳೆ ಹೊಡೀತಿದ್ದರು. ದ್ವೇಷದ ಬಗ್ಗೆ ಇಷ್ಟು ನಗ್ತಾ ಹೇಳಿದ ಸಿನಿಮಾ ಇತ್ತೀಚೆಗೆ ನಾನು ನೋಡಿಲ್ಲ. ಅದೂ ಎಂಥ ಹೊತ್ತಲ್ಲಿ! ಅದೇ ತಿಂಗಳು ಚುನಾವಣೆ ಮುಗಿದಿತ್ತು. ಹಿಜಾಬು, ಜಾತ್ರೆ, ವ್ಯಾಪಾರ ಅಂತ ಕೇಳಿ ಕೇಳಿ ಕಿವಿ ಕಿವುಡಾಗಿತ್ತು.

ನನ್ನ ಮುಂದಿನ ಸಾಲಲ್ಲಿ ಒಬ್ಬ ಹುಡುಗಿ ಅಪ್ಪನ ಭುಜ ಹೊಡೆದು ಹೊಡೆದು ನಗ್ತಿದ್ದಳು. ನಾನು ನಗಲಿಲ್ಲ. ತಪ್ಪು ಹುಡುಕ್ತಿದ್ದೆ. ಈ ಫ್ರೇಮ್‌ನಲ್ಲಿ ಆ ಸೈಕಲ್ ಆ ಕಾಲದ್ದಲ್ಲ. ಈ ಜೋಕು ಒಂದು ಸೆಕೆಂಡ್ ಉದ್ದ ಆಯ್ತು. ಇಲ್ಲಿ ನಮ್ಮ ಶಾಟೇ ಚೆನ್ನಾಗಿತ್ತು. ಒಂದು ಗ್ರಾಫಿಕ್ಸ್ ಸ್ವಲ್ಪ ಸಪ್ಪೆ ಆಯ್ತು ನೋಡು, ಎದೆಯಲ್ಲಿ ಏನೋ ತಣ್ಣಗಾಯ್ತು. ಹೊರಗೆ ಬಂದಾಗ ಪಾರ್ಕಿಂಗ್‌ನಲ್ಲಿ ಯಾರೋ ಗುರುತಿಲ್ಲದವರು "ಹೇಗಿತ್ತು ಸರ್" ಅಂದರು. "ಪುಸ್ತಕದಷ್ಟಿಲ್ಲ" ಅಂದೆ. ಇಡೀ ವರ್ಷದಲ್ಲಿ ನಾನು ಆಡಿದ ಅತಿ ಸಣ್ಣ ಮಾತು ಅದು.

ಆಮೇಲೆ ಗಮನಿಸ್ತಾ ಹೋದೆ. ಜುಲೈನಲ್ಲಿ ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ ಬಂತು. ನಿತಿನ್ ಕೃಷ್ಣಮೂರ್ತಿ ಮೊದಲ ಸಿನಿಮಾ. ಒಂದು ರಾತ್ರಿ, ಒಂದು ಹಾಸ್ಟೆಲ್, ಸತ್ತು ಬಿದ್ದ ವಾರ್ಡನ್, ಅವನನ್ನ ಏನು ಮಾಡೋದು ಅಂತ ಓಡಾಡೋ ಹುಡುಗರ ದಂಡು. ಕ್ಯಾಮೆರಾಗೆ ನಿಲ್ಲೋ ಜಾಗವೇ ಇಲ್ಲ, ಅದೂ ಅವರ ಜೊತೆ ಓಡ್ತಾ ಇರುತ್ತೆ. ಬಹುಪಾಲು ಹೊಸ ಮುಖಗಳು. ಪಾತ್ರಗಳಲ್ಲಿ ಒಬ್ಬ ಕಿರುಚಿತ್ರ ಮಾಡೋಕೆ ಹೊರಟ ಹುಚ್ಚ. ಗೊತ್ತಾಯ್ತಲ್ಲ ಯಾಕೆ ಹೇಳ್ತಿದ್ದೀನಿ ಅಂತ. ಎಲ್ಲರೂ ಬಿದ್ದು ಬಿದ್ದು ನಗುವಾಗ ನನಗೆ ಹೊಟ್ಟೆಯಲ್ಲಿ ಏನೋ ಸಂಕಟ. ಆ ಹುಡುಗರ ವಯಸ್ಸಲ್ಲ ಕಣೋ ನನ್ನ ಸಂಕಟ. ನಾವು "ದುಡ್ಡಿಲ್ಲ, ಪರಿಚಯ ಇಲ್ಲ, ಗಾಂಧಿನಗರದಲ್ಲಿ ಯಾರೂ ಗೊತ್ತಿಲ್ಲ" ಅಂತ ಪಟ್ಟಿ ಮಾಡ್ತಿದ್ವಲ್ಲ, ಅವರ ಹತ್ತಿರವೂ ಅದೇ ಪಟ್ಟಿ ಇದ್ದಿರಬೇಕು. ಪಟ್ಟಿ ಮಡಿಚಿ ಜೇಬಿಗಿಟ್ಟು ಕೆಲಸ ಶುರು ಮಾಡಿದ್ದಾರೆ, ಅಷ್ಟೇ.

ಈಗ ಕಬ್ಜದ ನಿದ್ದೆಗೆ ವಾಪಸ್ ಬಾ. ಯಾಕೆ ಅಷ್ಟು ಚೆನ್ನಾಗಿ ಬಂತು ಅಂತ ಈಗ ಗೊತ್ತಾಗಿದೆ. ಕೆಟ್ಟ ಸಿನಿಮಾ ನನ್ನನ್ನ ಏನೂ ಕೇಳಲ್ಲ. "ನೋಡಿದ್ಯಾ, ಅಷ್ಟು ಕೋಟಿ ಇದ್ದರೂ ಆಗಲಿಲ್ಲ, ಇನ್ನು ನೀನು ಮಾಡದೇ ಇದ್ದದ್ದೇ ಒಳ್ಳೇದಾಯ್ತು" ಅಂತ ತಲೆ ಸವರಿ ಕಳಿಸುತ್ತೆ. ನಾನು ವರ್ಷವೆಲ್ಲ ಇಲ್ಲಿ ಸಿನಿಮಾ ಬಗ್ಗೆ ಬರೆದು ನಾಲ್ಕು ಜನರ ಹತ್ತಿರ "ನಿಷ್ಠುರ ವಿಮರ್ಶಕ" ಅನ್ನಿಸಿಕೊಂಡಿದ್ದೀನಲ್ಲ, ಅದರಲ್ಲಿ ಎಷ್ಟು ಪಾಲು ವಿಮರ್ಶೆ, ಎಷ್ಟು ಪಾಲು ಹೊಟ್ಟೆಕಿಚ್ಚು ಅಂತ ಯಾರಾದರೂ ಸೋಸಿ ಕೊಟ್ಟರೆ ನನಗೇ ನೋಡೋಕೆ ಧೈರ್ಯ ಇಲ್ಲ.

ಇನ್ನೊಂದು ವಿಷಯ ಇದೆ. ನಿನಗೆ ಒಬ್ಬನಿಗೇ ಹೇಳಬೇಕಾದ್ದು, ಹೇಳೋಕೆ ಇಷ್ಟು ಜನ ಬೇಕಾಯ್ತು.

ನೀನು ಜರ್ಮನಿಗೆ ಹೋದದ್ದರಿಂದ ನಮ್ಮ ಸಿನಿಮಾ ನಿಂತುಹೋಯ್ತು ಅಂತ ನಾನು ಎಲ್ಲರ ಹತ್ತಿರ ಹೇಳ್ಕೊಂಡು ಬಂದಿದ್ದೀನಿ. ನಿನ್ನ ಮದುವೆಯಲ್ಲಿ ಮೈಕ್ ಹಿಡಿದು ಕೂಡ ಹೇಳಿದೆ, ಎಲ್ಲರೂ ನಕ್ಕರು, ನೀನು ತಲೆ ತಗ್ಗಿಸಿದೆ. ನಿಜ ಏನು ಗೊತ್ತಾ? ವೀಸಾ ಬಂತು ಅಂತ ನೀನು ಅವತ್ತು ಟೀ ಅಂಗಡಿಯಲ್ಲಿ ಹೇಳಿದಾಗ ನಾನು ಮುಖ ಬಾಡಿಸಿಕೊಂಡೆ ನಿಜ. ಒಳಗೆ ಹಗುರ ಆಯ್ತು. ಇನ್ಮೇಲೆ ಮಾಡಬೇಕಾಗಿಲ್ಲ ಅಂತ. ಲಾಂಗ್ ಬುಕ್ ತೆಗೆದಿಟ್ಟರೆ ಯಾರೂ ಕೇಳಲ್ಲ, ಕೇಳಿದರೆ ನಿನ್ನ ಹೆಸರು ಇದೆ. ಅಷ್ಟು ವರ್ಷ ಆ ಹಗುರದ ಮೇಲೇ ಆರಾಮಾಗಿ ಕೂತಿದ್ದೆ. ಯಾರೋ ಓದುಗರು ಸೇರಿ, ದುಡ್ಡು ಹಾಕಿ, ಅದೇ ಕತೆಯನ್ನ ಮಾಡಿ ತೋರಿಸೋ ತನಕ. ಅವರ ಮೇಲೆ ಕೋಪ ಬಂದಿದ್ದು ಅದಕ್ಕೇ. ನಮ್ಮ ಕತೆ ಕದ್ದರು ಅಂತ ಅಲ್ಲ. ಅದು ನಮ್ಮದಾಗಿತ್ತು ಯಾವಾಗ?

ನಿನಗೂ ಅವತ್ತು ಹಗುರ ಆಗಿತ್ತಾ?

ಸರಿ ಸರಿ. ಹಿನ್ನೆಲೆ ಸಂಗೀತ ನಿಲ್ಲಿಸಿ ಸ್ವಾಮಿ. ಇಲ್ಲಿವರೆಗೆ ಓದಿ ಕಣ್ಣು ತೇವ ಮಾಡಿಕೊಂಡ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಆ ಕೈಮುಗಿಯೋ ಇಮೋಜಿ ಹಾಕಬೇಡಿ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಎರಡು ಸೈಡ್ ಸಿನಿಮಾ ನೋಡಿದ ಪರಿಣಾಮ ಇದು, ನನ್ನ ಪತ್ರಕ್ಕೂ ಸೈಡ್ ಬಿ ಬಂದುಬಿಡ್ತು. ಅದೂ ನನಗೆ ಆಗದಿರೋ ಸೈಡು.

ಮಿಕ್ಕಿದ್ದು ಬೇಗ ಮುಗಿಸ್ತೀನಿ. ಘೋಸ್ಟ್‌ನಲ್ಲಿ ಶಿವಣ್ಣ ಜೈಲಿಗೇ ನುಗ್ತಾರೆ, ಕತೆಯನ್ನ ಕೇಳಬೇಡ, ನಡಿಗೆ ನೋಡು. ಆದರೆ ವರ್ಷದ ಶಿವಣ್ಣ ಅಂದರೆ ತಮಿಳಿನ ಜೈಲರ್‌ನಲ್ಲಿ ಟಿಶ್ಯೂ ಬಾಕ್ಸ್ ಹಿಡಿದು ಬಂದ ನರಸಿಂಹನೇ. ರಜನಿ ಸಿನಿಮಾದಲ್ಲಿ ಅಷ್ಟೇ ಅಷ್ಟು ಹೊತ್ತು ಬಂದು ಮೈಸೂರು ಹಾಲಿನ ಸೂರು ಹಾರಿಸಿದರು. ನಮ್ಮವರನ್ನ ಹೇಗೆ ತೋರಿಸಬೇಕು ಅಂತ ಪಕ್ಕದ ಮನೆಯವರು ಹೇಳಿಕೊಟ್ಟ ಹಾಗಾಯ್ತು. ವರ್ಷದ ಕೊನೆಗೆ, ಡಿಸೆಂಬರ್ 29ಕ್ಕೆ, ಕಾಟೇರ. ಮಚ್ಚು ಬಡಿಯೋ ಕುಲುಮೆಯವನನ್ನ ಹೀರೋ ಮಾಡಿ, ದರ್ಶನ್ ಫೈಟಿನ ಮಧ್ಯೆ ಗೇಣಿ, ಉಳುವವನೇ ಹೊಲದೊಡೆಯ, ಜಾತಿ ಅಂತ ಮಾತಾಡಿಸಿದ್ದಾರೆ ತರುಣ್ ಸುಧೀರ್. ಮಾಲಾಶ್ರೀ ಮಗಳು ಆರಾಧನಾ ಮೊದಲ ಸಿನಿಮಾ. ನೀನು ಮೂಗು ಮುರೀತೀಯ, ಗೊತ್ತು. ಆದರೂ ನೋಡು. ಭೂಸುಧಾರಣೆಗೆ ಶಿಳ್ಳೆ ಬೀಳೋದನ್ನ ನಾನು ಇದೇ ಮೊದಲು ಕೇಳಿದ್ದು.

ಫೆಬ್ರವರಿಯಲ್ಲಿ ನಿರ್ದೇಶಕ ಎಸ್.ಕೆ. ಭಗವಾನ್ ಹೋದರು, ಡಿಸೆಂಬರ್ 8ಕ್ಕೆ ನಟಿ ಲೀಲಾವತಿ. ಅಮ್ಮ ಆ ರಾತ್ರಿ ಟಿವಿ ಮುಂದಿಂದ ಏಳಲೇ ಇಲ್ಲ. ಲೀಲಾವತಿ ಊರಿನವರಿಗೆ ಆಸ್ಪತ್ರೆ ಕಟ್ಟಿಸಿದ್ದನ್ನು ತೋರಿಸ್ತಿದ್ದರು. "ಇವರದ್ದೆಲ್ಲಾ ನಾವು ಪುಕ್ಕಟೆ ನೋಡಿಬಿಟ್ವಿ" ಅಂದಳು. ಟೆಂಟಿನಲ್ಲಿ ಪರದೆ ಕೆಳಗಿಂದ ನುಸುಳಿ ಹೋಗ್ತಿದ್ದ ಕಾಲದವಳು.

ಅಂದಹಾಗೆ ಪ್ರಶಸ್ತಿ ಪ್ರದಾನ. ವರ್ಷದ ನಟಿ ರುಕ್ಮಿಣಿ, ಆದರೆ ಸುರಭಿಯ ಹೆಸರು ಬಂದಾಗ ನಾನೇ ಮೊದಲು ಚಪ್ಪಾಳೆ ಹೊಡೆಯೋದು. ವರ್ಷದ ಸಿನಿಮಾ ಪಿಂಕಿ ಎಲ್ಲಿ?, ಮುಸ್ತಾಫಾ ಇನ್ನೊಂದು ಸಲ ನೋಡೋ ತನಕ. ಹೌದು, ನೋಡ್ತೀನಿ. ಈ ಸಲ ಸೈಕಲ್ ನೋಡಲ್ಲ. ವರ್ಷದ ನಿರಾಸೆಗೆ ಕಬ್ಜವನ್ನ ಕರೆದಿದ್ದೆ, ವೇದಿಕೆಗೆ ಬಂದದ್ದು ನಾನು. ಶಾಲು ದೊಡ್ಡದಿದೆ, ಹಾರ ಪ್ಲಾಸ್ಟಿಕ್ಕು.

ಆಗಸ್ಟ್‌ನಲ್ಲಿ ಬರ್ತೀನಿ ಅಂದಿದ್ದೀಯ. ಚಾಕೊಲೇಟ್ ತರಬೇಡ, ನನಗೆ ಶುಗರ್ ಬಾರ್ಡರ್‌ನಲ್ಲಿದೆ. ಶಾಂತಲಾದಲ್ಲಿ ಕೊನೇ ಸಲ ಬ್ಲ್ಯಾಕ್‌ನಲ್ಲಿ ತಗೊಂಡ ಟಿಕೆಟ್ಟಿನ ದುಡ್ಡು ಇನ್ನೂ ಕೊಟ್ಟಿಲ್ಲ ನೀನು, ಬಡ್ಡಿ ಸೇರಿ ಯೂರೋದಲ್ಲೇ ತಾ. ಮಂಡಿ ಮೊಹಲ್ಲಾದ ಟೈಲರ್ ಮಗ ಈಗ ಸ್ವಂತ ಅಂಗಡಿ ಹಾಕಿದ್ದಾನೆ. ಹೋದ ವಾರ ಪ್ಯಾಂಟ್ ಸಡಿಲ ಮಾಡಿಸೋಕೆ ಹೋದಾಗ, "ಅಣ್ಣ, ಆ ಪಿಕ್ಚರ್ ನೋಡಿದ್ರಾ? ನನಗಿಂತ ಚೆನ್ನಾಗಿ ಮಾಡಿದಾನೆ ಆ ಹುಡುಗ" ಅಂತ ನಗ್ತಾ ಸೊಂಟದ ಅಳತೆ ತಗೊಂಡ. ಅಳತೆ ಎಷ್ಟು ಬಂತು ಅಂತ ಇಲ್ಲಿ ಬರೆಯಲ್ಲ, ಅಷ್ಟು ಕನ್ಫೆಷನ್ ಒಂದೇ ಪತ್ರಕ್ಕೆ ಜಾಸ್ತಿ ಆಗುತ್ತೆ.

ಇತಿ ನಿನ್ನ,
ಬಲಗಡೆ ಪುಟದವನು